ಶೇಂಗಾ ಬೆಳೆಯದ ಊರಿಗೆ ಕೊಟ್ಟ ಮಗಳು

ಮಗಳಿಗೆ ವರ ನೋಡುವಾಗ ಮಂದಿ ಹುಡುಗನ ನೌಕರಿ ಕೇಳುತ್ತಾರೆ, ಹೊಲ ಎಷ್ಟು ಅಂತ ಕೇಳುತ್ತಾರೆ. ನಾನು ಹೊಲದಲ್ಲಿ ಏನು ಬೆಳೆಯುತ್ತೀರಿ ಅಂತ ಕೇಳಿದೆ.

ಡೋಣಿ ಊರಿನ ಕಡೆಯಿಂದ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಹುಡುಗ ಚೆಂದ, ಮನೆತನ ಚೆಂದ, ಕಪ್ಪತಗುಡ್ಡದ ಗಾಳಿ ನೇರ ಪಡಸಾಲೆಗೇ ಬರುವಂಥ ಮನೆ. ಆದರೆ ಅಂಗಳದ ತುಂಬ ಶೇಂಗಾ ಒಣಹಾಕಿದ್ದರು. ಮಸಾರಿ ಭೂಮಿ, ಕೆಂಪು ಮಣ್ಣು. ಶೇಂಗಾ ಬೆಳೆಯದೆ ಅವರಾದರೂ ಏನು ಮಾಡಬೇಕು? ನಾನು ಚಹಾ ಕುಡಿದು, ಕೈಮುಗಿದು, ಎದ್ದು ಬಂದೆ. ಸಂಬಂಧ ತಂದಿದ್ದ ಹಿರಿಯರು ಬಸ್‌ಸ್ಟ್ಯಾಂಡಿನ ತನಕ ನಗುತ್ತಲೇ ಬಂದರು. "ಹುಡುಗ ಕುಡಿತಾನಂತ ಬಿಟ್ಟವರನ್ನ ನೋಡೇನಿ, ಜಾತಕ ಕೂಡಲಿಲ್ಲಂತ ಬಿಟ್ಟವರನ್ನ ನೋಡೇನಿ. ಶೇಂಗಾ ನೋಡಿ ಬಿಟ್ಟಾಕಿ ನೀ ಒಬ್ಬಾಕೀನ ಯವ್ವಾ" ಅಂದರು. ನಗಲಿ ಬಿಡ್ರಿ ಅಂತ ಬಸ್ಸು ಹತ್ತಿದೆ. ನನ್ನ ಮಗಳ ಗಂಟಲು ಮುಚ್ಚಿಕೊಂಡದ್ದನ್ನು ಅವರು ನೋಡಿರಲಿಲ್ಲ.

ನಾನು ಬೆಟಗೇರಿಯ ನೇಕಾರರ ಮನೆಯವಳು. ನಮ್ಮ ಓಣಿಯಲ್ಲಿ ಮಗ್ಗಗಳು ಒಂದೊಂದಾಗಿ ಸುಮ್ಮನಾಗುತ್ತ ಬಂದಾಗ ನನ್ನ ಯಜಮಾನರು ಕುಣಿಮಗ್ಗದಲ್ಲಿ ಕೂತು ಕೂತು ಮೊಣಕಾಲು ಕಳಕೊಂಡಿದ್ದರು. ಮನೆಯಲ್ಲಿ ಯಾರಾದರೂ ಎದ್ದು ಹೊರಗೆ ಹೋಗಬೇಕಿತ್ತು. ನಾನು ಸೀರೆಯ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಈ ಮೂರೂ ಊರಿನ ಯಾವ ಓಣಿಯಲ್ಲಿ ಯಾರ ಮಗಳ ಲಗ್ನ ಬಂದಿದೆ ಅನ್ನುವುದು ಅವರ ಬೀಗರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಶಿರಹಟ್ಟಿಯವರು ನಾನು ಸೀರೆಯ ಸೆರಗು ಬಿಚ್ಚಿ ತೋರಿಸುವ ಮೊದಲೇ ರೇಟು ಕೇಳುತ್ತಾರೆ. ಮುಂಡರಗಿಯವರು ಗಂಟೆಲ್ಲ ಬಿಚ್ಚಿಸಿ, ಚಹಾ ಕುಡಿಸಿ, ಮಕ್ಕಳ ಸುದ್ದಿ ಕೇಳಿ, ಆಮೇಲೆ "ಮುಂದಿನ ಸಲ ನೋಡೋಣ ತಗೋರಿ" ಅನ್ನುತ್ತಾರೆ. ಇಬ್ಬರಿಗೂ ಸೀರೆ ಉಡಿಸಿಯೇ ಬಂದಿದ್ದೇನೆ. ಕೇಳಿದ ಬೆಲೆಗೆ ಒಪ್ಪುವವರನ್ನು ನಂಬಬೇಡಿ, ಅವರು ನಾಳೆ ಸೀರೆ ವಾಪಸು ತರುತ್ತಾರೆ; ಜಗ್ಗಾಡಿ ಒಪ್ಪಿದವರೇ ಖಾಯಂ ಗಿರಾಕಿ. ಇದು ನಾನು ಕಲಿತ ವಿದ್ಯೆ. ಜಗ್ಗಾಟಕ್ಕೆ ಸಿಗದದ್ದೂ ಒಂದು ಇದೆ ಅಂತ ಕಲಿಸಿದವಳು ಮಗಳು.

ಮೊದಲ ಸಲ ಆದದ್ದು ಪಂಚಮಿ ಹಬ್ಬಕ್ಕೆ. ನಮ್ಮ ಕಡೆ ಪಂಚಮಿಗೆ ಉಂಡಿ ಕಟ್ಟದ ಮನೆ ಇಲ್ಲ. ಮಗು ಶೇಂಗಾ ಉಂಡಿಯ ಒಂದು ಚೂರು ಬಾಯಿಗಿಟ್ಟುಕೊಂಡಿತ್ತು. ತುಟಿ ಊದಿತು, ಮೈ ತುಂಬ ಗಂಧೆ ಎದ್ದವು. ನನ್ನ ಅತ್ತೆ ಪಿತ್ತ ಅಂದರು, ಕಂಬಳಿ ಹೊಚ್ಚಿ ಮಲಗಿಸಿದರು. ಹೊತ್ತು ಇಳಿಯುವುದರೊಳಗೆ ಊತ ಇಳಿಯಿತು. ನಾವೂ ಮರೆತೆವು.

ಎರಡನೆಯದು ಮರೆಯುವಂಥದಾಗಿರಲಿಲ್ಲ. ಶಾಲೆಗೆ ರಜೆ ಇತ್ತು, ವ್ಯಾಪಾರಕ್ಕೆ ಹೋಗುವಾಗ ಅವಳನ್ನೂ ಲಕ್ಷ್ಮೇಶ್ವರಕ್ಕೆ ಕರಕೊಂಡು ಹೋಗಿದ್ದೆ. ಅಲ್ಲಿ ಬಳೆ ವ್ಯಾಪಾರದ ಸಾಬರ ಮನೆ ನಮಗೆ ತವರಿದ್ದ ಹಾಗೆ. ಸಾಬರ ಹೆಂಡತಿ ಬುವಮ್ಮ ರೊಟ್ಟಿ, ಬದನೆಕಾಯಿ ಎಣಗಾಯಿ ಬಡಿಸಿದಳು. ಎಣಗಾಯಿಯೊಳಗೆ ಶೇಂಗಾ ಪುಡಿ ಇಲ್ಲದೆ ಯಾರು ತುಂಬುತ್ತಾರೆ? ನಾಲ್ಕು ತುತ್ತು ಆಗಿರಬೇಕು. ಮಗು "ಅವ್ವಾ" ಅಂದದ್ದು ಅರ್ಧವೇ ಹೊರಗೆ ಬಂತು. ಉಸಿರು ಎಳೆದರೆ ಸೀಟಿಯ ಸಪ್ಪಳ. ಬುವಮ್ಮನ ಗಂಡ ಕೈ ತೊಳೆಯದೆ ಎದ್ದು ಅವಳನ್ನು ಹೆಗಲಿಗೆ ಹಾಕಿಕೊಂಡು ಓಡಿದರು. ದವಾಖಾನೆಯಲ್ಲಿ ತೊಡೆಗೆ ಒಂದು ಸೂಜಿ ಹಾಕಿದ ಮೇಲೆ ಬಣ್ಣ ವಾಪಸು ಬಂತು. ಬುವಮ್ಮ ಆ ಸಂಜೆ ಉಣ್ಣಲಿಲ್ಲ. ನನ್ನ ಮನೆಯ ಅನ್ನ ಕೂಸಿಗೆ ವಿಷ ಆಯಿತಲ್ಲ ಅಂತ ಎಷ್ಟು ಹೇಳಿದರೂ ಅದನ್ನೇ ಹೇಳಿದಳು.

ಮುಂದೆ ಹುಬ್ಬಳ್ಳಿಯ ದೊಡ್ಡ ಡಾಕ್ಟರರು ಮುಂಗೈ ಮೇಲೆ ಸಣ್ಣ ಸಣ್ಣದಾಗಿ ಚುಚ್ಚಿ, ಹನಿ ಹಾಕಿ ನೋಡಿದರು. ಶೇಂಗಾದ ಹನಿ ಬಿದ್ದ ಜಾಗ ಸೊಳ್ಳೆ ಕಚ್ಚಿದ ಹಾಗೆ ಎದ್ದಿತು. ಅಲರ್ಜಿ ಅಂದರು. ಮತ್ತೆ ನಮಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಕೆಲವರಿಗೆ ಹಾಲು ಆಗುವುದಿಲ್ಲ, ಹೊಟ್ಟೆ ಉಬ್ಬುತ್ತದೆ, ಭೇದಿಯಾಗುತ್ತದೆ. ಅದು ಹೊಟ್ಟೆಯ ಸೋಲು. ಕರಗಿಸುವ ತಾಕತ್ತು ಇಲ್ಲ, ಅಷ್ಟೇ. ಅಂಥವರು ಸ್ವಲ್ಪ ಕುಡಿದರೆ ಸ್ವಲ್ಪ ತ್ರಾಸು, ಜಾಸ್ತಿ ಕುಡಿದರೆ ಜಾಸ್ತಿ ತ್ರಾಸು. ಪ್ರಾಣಕ್ಕೆ ಏನೂ ಇಲ್ಲ, ಎಷ್ಟೋ ಮಂದಿಗೆ ಮಜ್ಜಿಗೆ ನಡೆಯುತ್ತದೆ. ಆದರೆ ಇವಳದು ಹೊಟ್ಟೆಯದಲ್ಲ. ಮೈಯೇ ಶೇಂಗಾವನ್ನು ವೈರಿ ಅಂತ ತಿಳಿದು ತನ್ನ ಮೇಲೆ ತಾನೇ ಬೀಳುತ್ತದೆ. ಅದಕ್ಕೆ ಒಂದು ಕಾಳಿನ ಪುಡಿಯೂ ಸಾಕು.

ನಾನು ವ್ಯಾಪಾರದವಳು. ಏನಾದರೂ ಒಂದು ಅಳತೆ ಇರಬೇಕಲ್ಲ ಅಂತ ಕೇಳಿದೆ. ಒಂದು ಕಾಳು ಬೇಡ, ಅರ್ಧ? ಎಣ್ಣೆ ನಡೆಯುತ್ತದೆಯೋ? ದಿನಾ ಚಿಟಿಕೆ ಚಿಟಿಕೆ ಕೊಟ್ಟು ರೂಢಿ ಮಾಡಿಸಿದರೆ?

ಅವರು ಪೆನ್ನು ಕೆಳಗಿಟ್ಟರು. "ತಾಯೀ, ಇದರಾಗ ಚೌಕಾಶಿ ಇಲ್ಲ. ರೂಢಿ ಮಾಡಸೂದು ಅನ್ನೋದು ದೊಡ್ಡ ದವಾಖಾನ್ಯಾಗ, ಡಾಕ್ಟರ್ ಮುಂದ ಕುಂತು ಮಾಡೋ ಕೆಲಸ. ಮನ್ಯಾಗ ಯಾರರ ಮಾಡಿದ್ರ ಹುಡುಗಿ ಉಳಿಯಂಗಿಲ್ಲ" ಅಂದರು.

ಮನೆಗೆ ಬಂದು ಯಜಮಾನರಿಗೆ ನೇಕಾರರ ಮಾತಿನಲ್ಲೇ ಹೇಳಿದೆ. ಹಾಲು ಆಗದವರದು ಮಗ್ಗದ ಮೇಲೆ ಹಾಸು ಸಡಿಲಾದ ಹಾಗೆ, ಬಿಗಿ ಮಾಡಿಕೊಂಡು ನೇಯಬಹುದು. ಇವಳದು ಕಚ್ಚಾ ಬಣ್ಣದ ನೂಲು ಬಿಳಿ ಸೀರೆಯಲ್ಲಿ ಕೂಡಿದ ಹಾಗೆ. ಒಂದೇ ಎಳೆ ಇರಲಿ, ನೀರು ಬಿತ್ತೋ, ಇಡೀ ಸೀರೆ ಹೋಯಿತು. ಅವರಿಗೆ ಕೂಡಲೇ ತಿಳಿಯಿತು. ಆ ದಿನವೇ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ ಮನೆಯಿಂದ ಹೊರಗೆ ಹೋಯಿತು.

ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದರೆ ನನ್ನ ಮಾತು ಕೇಳಿರಿ. ಖಾನಾವಳಿಯಲ್ಲಿ ಬಡಿಸುವವನನ್ನು ಕೇಳಬೇಡಿ, ಅವನು ಎಲ್ಲದಕ್ಕೂ "ಏನಿಲ್ರಿ" ಅನ್ನುತ್ತಾನೆ. ಒಳಗೆ ಹೋಗಿ ಅಡಿಗೆ ಮಾಡುವವರನ್ನೇ ಕೇಳಿರಿ. ಬಜಿ ಅಂಗಡಿಯ ಮುಂದೆ ನಿಲ್ಲುವ ಮೊದಲು ಯಾವ ಎಣ್ಣೆ ಅಂತ ಕೇಳಿರಿ. ಗಾಣದ ಎಣ್ಣೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ಇಂಥ ಮಕ್ಕಳಿಗೆ ಅದೇ ಕೆಟ್ಟದ್ದು, ಯಾಕೆಂದರೆ ಶೇಂಗಾದ ಸತ್ವ ಅದರಲ್ಲಿ ಉಳಿದಿರುತ್ತದೆ. ಕುಸುಬಿ ಗಾಣಕ್ಕೆ ಹಾಕುವ ಮೊದಲು ಆ ಗಾಣದಲ್ಲಿ ಏನು ಹಿಂಡಿದ್ದರು ಅಂತಲೂ ಕೇಳಬೇಕು. ಕೇಳಿ ಕೇಳಿ ನನಗೆ ಮಂದಿ "ಶೇಂಗಾದಾಕಿ" ಅಂತ ಹೆಸರಿಟ್ಟರು. ಇಡಲಿ. ಆ ಹೆಸರಿನೊಳಗೆ ಮಗಳು ಬೆಳೆದು ದೊಡ್ಡವಳಾದಳು, ಡಿಗ್ರಿ ಮುಗಿಸಿದಳು.

ಅಂತೂರ ಬೆಂತೂರದ ಸಂಬಂಧ ಬಂದಾಗ ನನಗೆ ಮೊದಲು ಹಿಡಿಸಿದ್ದು ಮಣ್ಣು. ಎರೆ ಭೂಮಿ, ಕಪ್ಪು ಮಣ್ಣು. ಜೋಳ, ಕಡಲೆ, ಕುಸುಬಿ; ಶೇಂಗಾ ಇಲ್ಲ. ಅವರು ನಮ್ಮ ಮಂದಿಯೇ. ಅಜ್ಜನ ಕಾಲಕ್ಕೆ ಮಗ್ಗ ಬಿಟ್ಟು ಹೊಲ ಹಿಡಿದವರು. ಹುಡುಗನ ತಂದೆ ತೀರಿಕೊಂಡಿದ್ದರು, ತಾಯಿ ಒಬ್ಬಳೇ ನಿಂತು ಹೊಲ ಮಾಡಿಸುತ್ತಿದ್ದಳು. ಅವಳೂ ನನ್ನಂತೆಯೇ ಅಂತ ನೋಡಿದ ತಕ್ಷಣ ತಿಳಿಯಿತು. ನಾನು ಬಂಗಾರದ ಮಾತು, ಛತ್ರದ ಮಾತು ಎಲ್ಲ ಬದಿಗಿಟ್ಟು, ಮೊದಲು ನನ್ನದೊಂದು ಕರಾರು ಐತಿ ಅಂತ ಹೇಳಿದೆ. ಹುಡುಗಿಗೆ ಶೇಂಗಾ ಸಾವು, ನಿಮ್ಮ ಅಡಿಗೆಮನೆಗೆ ಅದು ಬರಬಾರದು; ಆಗುವುದಿದ್ದರೆ ಮಾತು ಮುಂದುವರಿಸೋಣ, ಇಲ್ಲದಿದ್ದರೆ ಚಹಾ ಕುಡಿದು ನಗುನಗುತ್ತಾ ಎದ್ದು ಹೋಗೋಣ ಅಂದೆ. ಡಾಕ್ಟರು ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ.

ಹುಡುಗನ ತಾಯಿ ಹಾಲಿಲ್ಲದ ಚಹಾ ಕುಡಿಯುತ್ತ ಕೂತಿದ್ದಳು. ಕಪ್ಪು ಕೆಳಗಿಟ್ಟು ನಕ್ಕಳು. ತನಗೂ ಹಾಲು ಆಗುವುದಿಲ್ಲ, ಲಗ್ನವಾಗಿ ಬಂದ ಹೊಸದರಲ್ಲಿ ಈ ಮನೆಯವರು ಸೋಗು ಅಂತ ಆಡಿಕೊಂಡಿದ್ದರು, ಹೊಟ್ಟೆ ಹಿಡಿದುಕೊಂಡು ಹೊಲದ ಬದುವಿನಲ್ಲಿ ಅತ್ತಿದ್ದೇನೆ ಅಂತ ಹೇಳಿದಳು. "ಒಗ್ಗಲಾರದ್ದನ್ನ ತಿನ್ನು ಅಂತ ಬಡಿಸಿದ್ರ ಎಷ್ಟು ಸಂಕಟ ಆಗತೈತಿ ಅಂತ ನನಗ ಗೊತ್ತೈತ್ರಿ ಬೀಗತಿ. ನಿಮ್ಮ ಮಗಳಿಗೆ ಆ ಸಂಕಟ ನನ್ನ ಮನ್ಯಾಗ ಬರಂಗಿಲ್ಲ."

ಆ ಮಾತಿಗೆ ನಾನು ಸೋತೆ. ಇದಕ್ಕಿಂತ ಒಳ್ಳೆಯ ಮನೆ ಎಲ್ಲಿ ಸಿಗಬೇಕು? ಅನುಭವಿಸಿದವಳು, ತಿಳಿದವಳು. ಉಳಿದ ಮಾತುಕತೆಯಲ್ಲಿ ನಾನು ಜಗ್ಗಾಡಲೇ ಇಲ್ಲ. ಯಜಮಾನರು ನನ್ನ ಮುಖ ನೋಡಿ ಮೈಯಲ್ಲಿ ಆರಾಮಿಲ್ಲವೇನೋ ಅಂದುಕೊಂಡರು.

ಬೀಗತಿ ಕೊಟ್ಟ ಮಾತು ನಡೆಸಿದಳು. ಲಗ್ನದ ದಿನ ಭೂಮದ ಊಟಕ್ಕೆ ಎರಡೂ ಕಡೆಯವರು ಒಂದೇ ದೊಡ್ಡ ತಾಟಿನ ಸುತ್ತ ಕೂತು ಮದುಮಕ್ಕಳಿಗೆ ತುತ್ತು ಕೊಡುವಾಗ, ಬಂದವರೆಲ್ಲರಿಗೆ ಅವಳೇ ಚೆಂಬು ಹಿಡಿದು ಕೈ ತೊಳೆಸಿದಳು. ಊರಲ್ಲಿ ಯಾರ ಮನೆಯಿಂದ ಹೋಳಿಗೆ ಬಂದರೂ ಹೊಸ್ತಿಲಲ್ಲೇ ಏನು ಹಾಕಿದ್ದೀರಿ ಅಂತ ವಿಚಾರಿಸುತ್ತಿದ್ದಳು. ಹಿಂಡಿ ಅಂದರೆ ಗುರೆಳ್ಳಿನದು, ಪಲ್ಲೆಗೆ ಪುಟಾಣಿ ಪುಡಿ. ಮಗಳು ಮೈ ತುಂಬಿಕೊಂಡಳು. ತವರಿಗೆ ಬಂದರೆ ಎರಡು ದಿನಕ್ಕೇ ಅತ್ತಿ ಒಬ್ಬರ ಇದ್ದಾರ ಅಂತ ಹೊರಡುತ್ತಿದ್ದಳು. ನನಗೆ ಸಿಟ್ಟೂ ಬರುತ್ತಿತ್ತು, ಸಂತೋಷವೂ ಆಗುತ್ತಿತ್ತು. ಯಾರಾದರೂ ಗಿರಾಕಿಗಳು ಮಗಳ ಸುದ್ದಿ ಕೇಳಿದರೆ ಸೀರೆ ತೋರಿಸುವುದನ್ನು ಬಿಟ್ಟು ಬೀಗತಿಯ ಗುಣ ಹೇಳುತ್ತ ಕೂಡುತ್ತಿದ್ದೆ.

ಮಗಳು ಬಸುರಿಯಾದಳು. ಸೀಮಂತದ ಕುಬಸಕ್ಕೆ ದಿನ ಗೊತ್ತು ಮಾಡಿದೆವು. ಬೆಟಗೇರಿಯಲ್ಲಿ ಇನ್ನೂ ಮಗ್ಗ ನಡೆಸುವ ಒಬ್ಬ ಹಿರಿಯರಿಗೆ ಹೇಳಿ ಹಸಿರು ಸೀರೆ ನೇಯಲು ಹಾಕಿಸಿದೆ. ಆ ಸೀರೆಗೆ ನಾನು ಒಂದು ಮಾತೂ ಜಗ್ಗಲಿಲ್ಲ.

ಕುಬಸಕ್ಕೆ ಇನ್ನೂ ಕೆಲವು ದಿನ ಇರುವಾಗ ಒಂದು ಮಧ್ಯಾಹ್ನ ಮುಂಡರಗಿಯಲ್ಲಿ ಗಿರಾಕಿಯ ಪಡಸಾಲೆಯಲ್ಲಿ ಗಂಟು ಬಿಚ್ಚಿ ಕೂತಿದ್ದೆ. ಅಳಿಯನ ಫೋನು ಬಂತು. ದವಾಖಾನೆಗೆ ಬರ್ರಿ ಅಂದ, ಫೋನು ಇಟ್ಟ. ಯಾವ ಗಂಟು, ಯಾರು ಕಟ್ಟಿದರು, ಬಸ್ಸಿಗೆ ಯಾರು ಹತ್ತಿಸಿದರು, ನನಗೆ ಈಗಲೂ ನೆನಪಿಲ್ಲ.

ಗದಗಿನ ದವಾಖಾನೆಗೆ ಮುಟ್ಟಿದಾಗ ಮಗಳ ಮುಖ ಗುರುತು ಸಿಗದ ಹಾಗೆ ಊದಿತ್ತು. ಮೂಗಿಗೆ ಆಕ್ಸಿಜನ್ ಹಾಕಿದ್ದರು. ಉಣ್ಣುತ್ತ ಕೂತವಳು ಗಂಟಲು ಹಿಡಿದುಕೊಂಡು ಬಿದ್ದಿದ್ದಳು. ನೆರೆಮನೆಯ ಸಾಬರ ಹುಡುಗ ಗೂಡ್ಸ್ ಆಟೋದಲ್ಲಿ ಹಾಸಿಗೆ ಹಾಸಿ, ಅವಳನ್ನು ಮಲಗಿಸಿಕೊಂಡು, ಹಾರ್ನ್ ಒತ್ತಿ ಹಿಡಿದು ಗದಗಿಗೆ ತಂದಿದ್ದ. ಹುಬ್ಬಳ್ಳಿಯ ಡಾಕ್ಟರು ಯಾವಾಗಲೂ ಜೊತೆಗಿರಲಿ ಅಂತ ಬರೆದುಕೊಟ್ಟಿದ್ದ ಸೂಜಿಯ ಮುದ್ದತು ಮುಗಿದಿತ್ತು. ಇಷ್ಟು ವರ್ಷ ಏನೂ ಆಗಿಲ್ಲವಲ್ಲ ಅಂತ ಹೊಸದು ತಂದಿರಲಿಲ್ಲ. ಇದನ್ನು ನೆನಪಿಡಿರಿ: ಸುಖವಾಗಿದ್ದಾಗಲೇ ಆ ಸೂಜಿಯ ತಾರೀಖು ನೋಡಬೇಕು. ಮತ್ತು ಉಸಿರಿಗೆ ತ್ರಾಸಾದರೆ ನಿಂಬೆಹಣ್ಣು, ಮಜ್ಜಿಗೆ, ದೃಷ್ಟಿ ಅಂತ ಹೊತ್ತು ಕಳೆಯಬಾರದು, ಅಂಥವರನ್ನು ಎಬ್ಬಿಸಿ ನಡೆಸಲೂ ಬಾರದು, ದವಾಖಾನೆ ಒಂದೇ.

ಮಗಳು ಉಳಿದಳು. ಹೊಟ್ಟೆಯೊಳಗಿನ ಕೂಸು ಉಳಿಯಲಿಲ್ಲ. ತಾಯಿಗೆ ಉಸಿರು ಸಿಗದ ಹೊತ್ತಿನಲ್ಲಿ ಕೂಸಿಗೂ ಸಿಕ್ಕಿರಲಿಲ್ಲ. ಮರುದಿನ ಯಂತ್ರ ಹಚ್ಚಿ ಎಷ್ಟು ಹುಡುಕಿದರೂ ಅದರ ಎದೆಬಡಿತ ಸಿಗಲಿಲ್ಲ. ಗಂಡುಕೂಸು. ಅಳಿಯ ಬಟ್ಟೆಯಲ್ಲಿ ಸುತ್ತಿದ್ದನ್ನು ಎತ್ತಿಕೊಂಡು ಹೊರಗೆ ನಡೆದಾಗ ನಾನು ಮಗಳ ಮುಖಕ್ಕೆ ಅಡ್ಡವಾಗಿ ನಿಂತೆ. ಅವಳು ನನ್ನನ್ನು ಸರಿಸಿ ನೋಡಿದಳು.

ಶೇಂಗಾ ಎಲ್ಲಿಂದ ಬಂತು ಅಂತ ಡಾಕ್ಟರು ಕೇಳಿದರು, ನಾನೂ ಕೇಳಿದೆ. ಯಾರ ಮನೆಯ ಊಟ, ಯಾವ ಅಂಗಡಿಯ ತಿಂಡಿ ಅಂತ ಅಳಿಯನನ್ನು ಕೆದಕುತ್ತಿದ್ದೆ. ದವಾಖಾನೆಯ ಮೆಟ್ಟಿಲ ಮೇಲೆ ಕೂತಿದ್ದ ಬೀಗತಿ ತಾನಾಗಿ ಎದ್ದು ಬಂದಳು.

"ಅವನನ್ನ ಯಾಕ ಕೇಳ್ತೀರಿ? ನಾ ಹಾಕೀನ್ರಿ" ಅಂದಳು.

ಅವಳೇ ಹೇಳುತ್ತ ಹೋದಳು, ನೆಲ ನೋಡುತ್ತ. ಹಾಲು ಆಗದ ತಾನು ಹೇಗೆ ಮೊದಲು ಒಂದು ಚಮಚೆ ಮಜ್ಜಿಗೆ, ಆಮೇಲೆ ಅರ್ಧ ವಾಟಗ, ಹೀಗೆ ಏರಿಸುತ್ತ ಈಗ ಮೊಸರನ್ನ ಉಣ್ಣುವಂತಾದಳೋ, ಸೊಸೆಗೂ ಹಾಗೇ ಮಾಡಿಸಬೇಕು ಅಂದುಕೊಂಡಿದ್ದಳು. ಬಸುರಿಯಲ್ಲಿ ತಾಯಿ ಉಂಡದ್ದು ಕೂಸಿಗೆ ಹತ್ತುತ್ತದೆ. ಈ ಅಂಜಿಕೆ ಮೊಮ್ಮಗನಿಗೂ ಬರಬಾರದು ಅಂತ ಅವಳ ಲೆಕ್ಕ. ಹೇಳಿದರೆ ಸೊಸೆ ಹೆದರುತ್ತಾಳೆ ಅಂತ ಹೇಳಿರಲಿಲ್ಲ. ಗದಗ ಸಂತೆಯಿಂದ ಒಂದು ಹಿಡಿ ಶೇಂಗಾ ತಂದು, ಗುರೆಳ್ಳು ಹಿಂಡಿಯಲ್ಲಿ ಉಗುರು ತುದಿಯಷ್ಟು ಕೂಡಿಸಿ ಬಡಿಸಿದ್ದಳು. ಒಂದೆರಡು ದಿನ ಮಗಳು ಬಾಯಿ ತುರಿಸುತ್ತದೆ ಅಂದಿದ್ದಳಂತೆ, ಬಸುರಿಯ ಉಷ್ಣ ಇರಬೇಕು ಅಂತ ಇಬ್ಬರೂ ಮಾತಾಡಿಕೊಂಡಿದ್ದರಂತೆ. ಬೇರೆ ಏನೂ ಆಗಲಿಲ್ಲ ಅಂತ ಧೈರ್ಯ ಬಂದು, ಆ ಮಧ್ಯಾಹ್ನ ಅರ್ಧ ಚಮಚೆ ಹಾಕಿದ್ದಳು.

"ನಿಮಗ ಕೊಟ್ಟ ಮಾತು ಮುರಿದಿಲ್ರಿ. ನನ್ನ ಅಡಗಿಮನಿಯೊಳಗ ಶೇಂಗಾ ತಂದಿಲ್ಲ. ಬಾಜೂ ಮನ್ಯಾಗ ಹುರದು, ಅಲ್ಲೇ ಕುಟ್ಟಿ, ಹಿಂಡಿ ಕೂಡಸ್ಕೊಂಡು ಬಂದೀನಿ."

ಊರೂರ ಮಂದಿಯೊಡನೆ ಮಾತಾಡಿ ಬದುಕಿದ ನನಗೆ ಆ ಹೊತ್ತಿಗೆ ಅವಳಿಗೆ ಕೊಡಲು ಒಂದು ಬೈಗುಳವೂ ಸಿಗಲಿಲ್ಲ. ವಿಷ ಹಾಕಿದವಳನ್ನು ಬಯ್ಯಬಹುದು. ಮಾತು ಮುರಿಯಬಾರದು ಅಂತ ನೆರೆಮನೆಯ ಒಲೆ ಹುಡುಕಿಕೊಂಡು ಹೋದವಳನ್ನು ಏನಂತ ಬಯ್ಯುವುದು? ನಾನು ಅಂದು ಯಾವ ಮಾತು ಕೇಳಿ ಮಗಳನ್ನು ಕೊಟ್ಟೆನೋ ಆ ಮಾತಿನಲ್ಲೇ ಇದು ಇತ್ತು. ತನ್ನ ಹೊಟ್ಟೆನೋವನ್ನು ಅಳತೆಗೋಲು ಮಾಡಿಕೊಂಡು ಅವಳು ನನ್ನ ಮಗಳ ಕಷ್ಟ ಅಳೆದಿದ್ದಳು. ಡಾಕ್ಟರು ಹೇಳಿದ್ದನ್ನು ಅವಳಿಗೆ ಹೇಳಿದ್ದೆ, ಅವಳೂ ಕೇಳಿದ್ದಳು. ಆದರೆ ಕಿವಿಯಿಂದ ಕೇಳಿದ್ದು ಒಂದು, ಮೈಯಿಂದ ತಿಳಿದದ್ದು ಒಂದು. ಮನುಷ್ಯರು ಮೈಯಿಂದ ತಿಳಿದದ್ದನ್ನೇ ನಂಬುತ್ತಾರೆ.

ಮಗಳನ್ನು ಬೆಟಗೇರಿಗೆ ಕರಕೊಂಡು ಬಂದೆ. ಎದೆಯಲ್ಲಿ ಹಾಲು ಬಂದಿತ್ತು. ಅದಕ್ಕೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಬಂಧುಗಳು ಬಂದು ಕೂತು ಒಬ್ಬರಿಗಿಂತ ಒಬ್ಬರು ಶಾಣ್ಯಾರಾದರು. ಕೇಸು ಹಾಕು ಅಂದರು, ಸೋಡಚೀಟಿ ಬರೆಸಿಕೋ ಅಂದರು, ಬೇರೆ ಮನೆ ಮಾಡಿಸಿಕೊಟ್ಟರೆ ಮಾತ್ರ ಕಳಿಸು ಅಂದರು. ನಾನೂ ಒಳಗೊಳಗೆ ಮಾತು ಹೊಂದಿಸುತ್ತಿದ್ದೆ. ಏನು ಕೇಳಬೇಕು, ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು. ಅದೊಂದೇ ನನಗೆ ಬರುವ ಕೆಲಸ. ಅಳಿಯ ವಾರಕ್ಕೊಮ್ಮೆ ಬಂದು, ಅವಳ ಕಾಲ ಹತ್ತಿರ ಕೂತು, ಚಹಾ ಮುಟ್ಟದೆ ಎದ್ದು ಹೋಗುತ್ತಿದ್ದ. ತಾಯಿಯ ಸುದ್ದಿ ಅವನೂ ಎತ್ತಲಿಲ್ಲ, ನಾವೂ ಕೇಳಲಿಲ್ಲ.

ಒಂದು ದಿನ ಮಗಳು ತಲೆ ಬಾಚಿಕೊಂಡು ಊರಿಗೆ ಹೋಗುತ್ತೇನೆ ಅಂದಳು. ನಾನು ಕರಾರುಗಳನ್ನು ಹೇಳಲು ಬಾಯಿ ತೆಗೆದೆ.

"ಅವ್ವಾ, ನೀ ಬರೂದಿದ್ರ ಬಾ. ಆದ್ರ ಅಲ್ಲಿ ಏನೂ ಕೇಳಬ್ಯಾಡ" ಅಂದಳು.

ಅಂತೂರ ಬೆಂತೂರದ ಬಸ್ಸು ಹತ್ತಿದೆವು. ಕಡಲೆ ಹೂಬಿಟ್ಟಿತ್ತು, ಕಪ್ಪು ಹೊಲಗಳು ಹಸಿರಾಗಿದ್ದವು. ಮನೆಯ ಕಟ್ಟೆಯ ಮೇಲೆ ಬೀಗತಿ ಕೂತಿದ್ದಳು. ನಮ್ಮನ್ನು ನೋಡಿ ಎದ್ದಳು, ಮುಂದೆ ಬರಲಿಲ್ಲ. ಸೀರೆಯ ಸೆರಗಿನಲ್ಲಿ ಎರಡೂ ಕೈ ಸುತ್ತಿಕೊಂಡಿದ್ದಳು, ಚಳಿ ಹಿಡಿದವರ ಹಾಗೆ. ತೀರ ಇಳಿದುಹೋಗಿದ್ದಳು. ಮಗಳು ಕಾಲು ತೊಳೆದುಕೊಂಡು ಒಳಗೆ ಹೋಗಿ ದೇವರಿಗೆ ಕೈಮುಗಿದು ನೇರ ಅಡಿಗೆಮನೆಗೆ ನಡೆದಳು. ಡಬ್ಬಿಗಳನ್ನು ಕೆಳಗಿಳಿಸುವ ಸಪ್ಪಳ ಕೇಳಿಸಿತು. ಬೀಗತಿ ಮೆಲ್ಲಗೆ ಬಾಗಿಲ ತನಕ ಹೋಗಿ ನಿಂತಳು.

"ಎಲ್ಲಾ ತೊಳದು ಇಟ್ಟೀನವಾ. ಹಿಂಡಿ ಡಬ್ಬಿ ಹೊರಗ ಒಗದು ಬಿಟ್ಟೀನಿ" ಅಂದಳು. ಮಗಳು ಒಳಗೆ ರೊಟ್ಟಿಗೆ ಹಿಟ್ಟು ನಾದತೊಡಗಿದಳು. ಬೀಗತಿ ಕೇಳಿದಳು. "ನಾ ಮಾಡಿದ್ದು ಇನ್ನ ಉಣತೀಯೇನವಾ ನೀ?"

ಮಗಳು ಹಿಟ್ಟು ನಾದುವುದನ್ನು ನಿಲ್ಲಿಸಿದಳು.

"ಇಲ್ರಿ ಅತ್ತಿ. ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ಉಣ್ಣಾಕ ಆಗಂಗಿಲ್ಲ" ಅಂದಳು. ಮತ್ತೆ, "ನಾ ಮಾಡಿದ್ದು ನೀವು ಉಣ್ರಿ" ಅಂದಳು.

ಬೀಗತಿ ತಲೆ ಆಡಿಸಿದಳು. ವ್ಯಾಪಾರದಲ್ಲಿ ಬೆಲೆ ಕುದುರಿದಾಗ ಆಡಿಸುವಂಥದಲ್ಲ ಅದು; ಬೇರೆ ಏನೂ ಉಳಿಯದವರು ಆಡಿಸುವಂಥದು. ಮಗಳು ರೊಟ್ಟಿ ಬಡಿದು, ಬೇಳೆ ಮಾಡಿ, ತಾಟು ತಂದು ಅವಳ ಮುಂದೆ ಇಟ್ಟಳು. ನನಗೂ ಇಟ್ಟಳು. ಇಬ್ಬರು ಬೀಗತಿಯರು ಎದುರುಬದುರು ಕೂತು, ಒಬ್ಬರ ಮುಖ ಒಬ್ಬರು ನೋಡದೆ ಉಂಡೆವು. ಅವಳ ಕಣ್ಣೀರು ಬೇಳೆಯಲ್ಲಿ ಬೀಳುತ್ತಿತ್ತು. ಅವಳು ಒರೆಸಿಕೊಳ್ಳದೆ ಉಂಡಳು, ತಾಟಿನಲ್ಲಿ ಒಂದು ಚೂರನ್ನೂ ಬಿಡಲಿಲ್ಲ.

ಅಲ್ಲಿಂದ ಈಚೆಗೆ ಮಗಳ ಸಂಸಾರ ನಡೆದಿದೆ. ಮತ್ತೆ ಬಸುರಿಯಾಗಲು ಅಡ್ಡಿಯಿಲ್ಲ ಅಂತ ಡಾಕ್ಟರು ಹೇಳಿದ್ದಾರೆ, ಅವಳ ಮನಸ್ಸು ಇನ್ನೂ ಒಪ್ಪಿಲ್ಲ. ನಾನು ತಿಂಗಳಿಗೊಮ್ಮೆ ಹೋಗಿ ಬರುತ್ತೇನೆ. ಅತ್ತೆ ಸೊಸೆ ಕೂಡಿ ಹೊಲಕ್ಕೆ ಹೋಗುತ್ತಾರೆ, ಕಡಲೆ ಸೋಸುತ್ತಾರೆ, ಟಿವಿ ನೋಡುತ್ತಾರೆ. ಆದರೆ ಬೀಗತಿ, ಮಗಳು ವಾಪಸು ಬಂದ ಆ ದಿನದಿಂದ, ಅಡಿಗೆಮನೆಯ ಹೊಸ್ತಿಲು ದಾಟಿಲ್ಲ. ಯಾರೂ ಬೇಡ ಅಂದಿಲ್ಲ. ಬಾಯಾರಿದರೆ ಬಾಗಿಲ ಹೊರಗೆ ನಿಂತು, ತನ್ನದೇ ಮನೆಯಲ್ಲಿ, ಒಂದು ಚೆರಿಗೆ ನೀರು ಕೊಡವಾ ಅಂತ ಕೇಳುತ್ತಾಳೆ. ಮಗಳು ತಂದು ಕೊಡುತ್ತಾಳೆ.